ಹೆಸರು ಹೊತ್ತ ಬಾಯಿ

ನೀರು ಮೊದಲು ಬಂತೋ ತಾವು ಮೊದಲು ಬಂದೆವೋ ಎಂದು ಇವತ್ತಿಗೂ ತಮ್ಮ ಕೆರೆಯ ಜೊತೆ ಜಗಳ ಕಾಯುವ ಜನರ ಊರು ಅದು. ಊರಿನ ಬೆನ್ನಿಗೆ ಗುಡ್ಡ, ಉಳಿದ ಕಡೆಯೆಲ್ಲ ನೀರು. ಗುಡ್ಡ ಹತ್ತಿ ಹೋದವರನ್ನು ಯಾರೂ ಕಂಡಿಲ್ಲ, ಇಳಿದು ಬಂದವರನ್ನೂ ಕಂಡಿಲ್ಲ. ಹೋಗುವುದು ಬರುವುದು ಎಲ್ಲ ದೋಣಿಯ ಮೇಲೆಯೇ. ಬೆಳಗಾದರೆ ನೀರಿನ ಮೇಲೆ ಮಂಜು ಏಳುತ್ತಿತ್ತು, ಎದ್ದ ಮಂಜಿಗೆ ಇಳಿಯುವ ಬುದ್ಧಿ ಯಾವಾಗ ಬರುತ್ತದೆಂದು ಹೇಳುವಂತಿರಲಿಲ್ಲ. ಅದರೊಳಗೆ ಸಿಕ್ಕಿಕೊಂಡವರನ್ನು ಮನೆಯವರು ದಡದಲ್ಲಿ ನಿಂತು ಹೆಸರು ಹಿಡಿದು ಕೂಗುತ್ತಿದ್ದರು. ಹೆಸರು ಕಿವಿಗೆ ಬಿದ್ದದ್ದೇ ತಡ, ದೋಣಿ ತಾನಾಗಿ ಮೂತಿ ತಿರುಗಿಸಿಕೊಂಡು ದಡಕ್ಕೆ ಬರುತ್ತಿತ್ತು. ಅದಕ್ಕೇ ಆ ಊರಿನಲ್ಲಿ ಹೆಸರಿಲ್ಲದವರು ನೀರಿಗೆ ಇಳಿಯುವಂತಿರಲಿಲ್ಲ.

ಹೆಸರನ್ನು ಹೆರುವುದು ತಾಯಿ, ಹೊರುವುದು ತಂದೆ. ಇದು ಆ ಊರಿನ ಕಟ್ಟಳೆ. ಕಲಿಸಿದ್ದು ಕೆರೆಯ ಮೀನು. ಆ ಮೀನನ್ನು ಅವರು ಅಪ್ಪಮೀನು ಎಂದೇ ಕರೆಯುತ್ತಿದ್ದರು. ತಾಯಿಮೀನು ಮೊಟ್ಟೆಯಿಟ್ಟು ತನ್ನ ಪಾಡಿಗೆ ಹೊರಟುಬಿಡುತ್ತದೆ. ಅಪ್ಪಮೀನು ಆ ಮೊಟ್ಟೆಗಳನ್ನೆಲ್ಲ ಬಾಯಿಗೆ ತುಂಬಿಕೊಂಡು, ಕೆನ್ನೆ ಉಬ್ಬಿಸಿಕೊಂಡು, ಒಂದು ತುತ್ತೂ ತಿನ್ನದೆ, ಮರಿಯಾಗುವ ತನಕ ಜೊಂಡಿನ ಮರೆಯಲ್ಲಿ ನಿಂತಿರುತ್ತದೆ. ಊರಿನ ಗಂಡಸರೂ ಹಾಗೆಯೇ. ಮಗು ಹುಟ್ಟಿದ ದಿನ ತಾಯಿ ಹೆಸರನ್ನು ತಂದೆಯ ಬಾಯೊಳಗೆ ಉಸಿರುತ್ತಾಳೆ, ತಂದೆ ಬಾಯಿ ಮುಚ್ಚುತ್ತಾನೆ. ಹೆಸರು ಬಲಿತು ತಾನಾಗಿ ತುಟಿ ತಟ್ಟುವವರೆಗೆ ಅವನಿಗೆ ಮಾತಿಲ್ಲ, ಅಗಿಯುವುದಿಲ್ಲ. ಪರಂಗಿ ಎಲೆಯ ದಂಟಿನಲ್ಲಿ ಗಂಜಿ ಹೀರಿಕೊಂಡು ಇರಬೇಕು. ಆಚೆ ದಡದ ಊರಿನವರು ಕಪ್ಪೆಯ ಶಿಷ್ಯರು. ಅಲ್ಲಿಯ ತಂದೆಯರು, ಗಂಡುಕಪ್ಪೆ ಮೊಟ್ಟೆಗೆ ಮಾಡುವ ಹಾಗೆ, ಹೆಸರನ್ನು ಒಂದು ಕೊಂಬೆಗೆ ಅಂಟಿಸಿ, ಮೇಲೆ ಕೈಯಾರೆ ಹಸಿ ಮಣ್ಣು ಮೆತ್ತಿ, ಪಕ್ಕದಲ್ಲಿ ಕೂತು ಹಾಡು ಹೇಳುತ್ತಾರಂತೆ. ಅದೂ ಒಂದು ಹೊರುವುದೇ ಎಂದು ಈ ದಡದವರು ಮೂಗು ಮುರಿಯುತ್ತಿದ್ದರು.

ಈ ಊರಿನಲ್ಲಿ ಒಬ್ಬ ಸಾರುವವನಿದ್ದ. ಕೊರಳಲ್ಲಿ ತಮಟೆ, ಬಾಯಲ್ಲಿ ಊರ ಸುದ್ದಿ. ಅವನು ದಡದ ಕಟ್ಟೆಯ ಮೇಲೆ ನಿಂತು ಗಂಟಲೆತ್ತಿದರೆ ಆಚೆ ದಡದ ನಾಯಿಗಳು ಎದ್ದು ಕೂರುತ್ತಿದ್ದವು. ಕೋಡಿ ಯಾವಾಗ ಬಿಡುತ್ತಾರೆ, ಯಾರ ಎಮ್ಮೆ ತಪ್ಪಿಸಿಕೊಂಡಿದೆ, ಯಾರ ಮನೆಯಲ್ಲಿ ಮದುವೆ, ಎಲ್ಲ ಅವನ ಬಾಯಿಂದಲೇ ಊರಿಗೆ ತಿಳಿಯಬೇಕು. ಸಾರುವ ಕೆಲಸ ಮುಗಿದ ಮೇಲೂ ಬಾಯಿ ನಿಲ್ಲುತ್ತಿರಲಿಲ್ಲ. ಸ್ನಾನ ಮಾಡುವಾಗ ನೀರಿನ ಜೊತೆ, ಊಟ ಮಾಡುವಾಗ ಅನ್ನದ ಜೊತೆ, ಯಾರೂ ಸಿಗದಿದ್ದರೆ ತಮಟೆಯ ಜೊತೆ ಮಾತು. ನಿದ್ದೆಯಲ್ಲೂ ಕಳೆದುಹೋದ ಎಮ್ಮೆಗಳನ್ನು ಕರೆಯುತ್ತಿದ್ದ.

ಊರಿನ ಮಕ್ಕಳ ಹೆಸರುಗಳನ್ನೆಲ್ಲ ಕಟ್ಟೆಯ ಮೇಲಿಂದ ಮೊದಲು ಕೂಗಿದವನು ಅವನೇ. ತಂದೆಯ ಬಾಯಿಂದ ಹೆಸರು ಹೊರಬಂದ ದಿನ ಮಗುವನ್ನು ಕಟ್ಟೆಗೆ ತರುತ್ತಿದ್ದರು. ಇವನು ತಮಟೆ ಬಡಿದು ಹೆಸರನ್ನು ಕೆರೆಯ ಮೇಲೆ ಬೀಸುತ್ತಿದ್ದ. ಹಾಗೆ ಕೂಗಿದ ಮೇಲೆಯೇ ದೋಣಿಗಳಿಗೆ ಆ ಹೆಸರಿನ ಗುರುತು ಹತ್ತುವುದು. ಎಷ್ಟೋ ಜನರ ಮಕ್ಕಳನ್ನು ಹೀಗೆ ಕೆರೆಗೆ ಪರಿಚಯ ಮಾಡಿಕೊಟ್ಟ ಅವನಿಗೆ ಒಂದೇ ಆಸೆ ಇತ್ತು: ಒಂದು ದಿನ ತನ್ನ ಮಗುವಿನ ಹೆಸರು ಕೂಗಬೇಕು, ಅದು ಗುಡ್ಡಕ್ಕೆ ಬಡಿದು ಊರಿನ ಮೇಲೆ ಮತ್ತೊಮ್ಮೆ ಬೀಳಬೇಕು.

ಅವನ ಹೆಂಡತಿ ದೋಣಿಯವಳು. ಮಾತು ಕಮ್ಮಿ, ಕಣ್ಣು ಚುರುಕು. ಅವಳಿಗೆ ದಿನ ತುಂಬುತ್ತಾ ಬಂದಂತೆ ಊರಿನವರ ನಗು ಜಾಸ್ತಿಯಾಯಿತು.

"ಇವನ ಬಾಯಲ್ಲಿ ಹೆಸರಾ?" ಎಂದ ಬಡಗಿ. "ಜರಡೀಲಿ ನೀರ್ ಹೊತ್ತಂಗಾಯ್ತು ಬಿಡು."

"ಮಧ್ಯಾಹ್ನದ ಒಳಗೆ ಉಗೀತಾನೆ," ಎಂದ ಬಲೆಗಾರ.

"ಉಗಿದ್ರೆ ಎತ್ಕೊಂಡ್ ತೊಳ್ಕೋಬೋದು. ನುಂಗ್ಬಿಟ್ರೆ?" ಎಂದಳು ಕೆರೆಯಜ್ಜಿ. ಅವಳು ನಗಲಿಲ್ಲ. ಹೆಸರು ಹೊತ್ತ ತಂದೆಯರನ್ನು ನೋಡಿಕೊಳ್ಳುವ ಹೊಣೆ ಅವಳದು.

ನುಂಗಿದರೆ ಏನಾಗುತ್ತದೆ ಎಂಬುದಕ್ಕೆ ಊರಿನಲ್ಲೇ ಒಬ್ಬ ಸಾಕ್ಷಿ ಇದ್ದ. ಅವನ ತಂದೆ ಹೆಸರು ಹೊತ್ತಿದ್ದಾಗ ಪಕ್ಕದ ಮನೆಯಲ್ಲಿ ಹೋಳಿಗೆ ಬೇಯುತ್ತಿತ್ತಂತೆ. ವಾಸನೆಗೆ ಬಾಯಲ್ಲಿ ನೀರೂರಿತು, ಊರಿದ ನೀರನ್ನು ನುಂಗಿದ, ನೀರಿನ ಜೊತೆ ಹೆಸರೂ ಹೋಯಿತು. ಮಗ ಬೆಳೆದು ಮೀಸೆ ಹಣ್ಣಾದರೂ ಊರಿಗೆ ಅವನು ಬರೀ ‘ಇಂಥವನು’, ಕರೆಯುವುದೂ ಹಾಗೆಯೇ. ಮಂಜಿನಲ್ಲಿ ಕರೆಯಲು ಹೆಸರಿಲ್ಲದ ಕಾರಣ ಪಾದ ಮುಳುಗುವಷ್ಟು ನೀರಿಗೂ ಅವನನ್ನು ಬಿಡುತ್ತಿರಲಿಲ್ಲ. ಅವನು ದಡದಲ್ಲಿ ದೋಣಿಗಳ ಹಗ್ಗ ಕಟ್ಟುತ್ತಾ, ಬಿಚ್ಚುತ್ತಾ, ಎಲ್ಲರನ್ನೂ ನಗಿಸುತ್ತಾ ಇದ್ದ. ನೀರಿನ ಕಡೆ ಮಾತ್ರ ಬೇಕೆಂದೇ ಬೆನ್ನು ಹಾಕಿ ಕೂರುತ್ತಿದ್ದ.

ಮಗಳು ಹುಟ್ಟಿದಳು. ಊರೆಲ್ಲ ಅಂಗಳದಲ್ಲಿ ನೆರೆಯಿತು. ಸಾರುವವನು ಹೊಸಿಲ ಮೇಲೆ ನಿಂತು ಬಾಯಿ ಮುಚ್ಚುವ ಮುಂಚಿನ ತನ್ನ ಕೊನೆಯ ಮಾತು ಶುರು ಮಾಡಿದ. ಹುಟ್ಟಿದ ಮಗಳಿಗೆ, ಹೆತ್ತ ಹೆಂಡತಿಗೆ, ಸೂಲಗಿತ್ತಿಗೆ, ಬಿಸಿನೀರು ಕಾಯಿಸಿದ ಒಲೆಗೆ, ಒಲೆಗೆ ಸೌದೆ ಕೊಟ್ಟ ಮರಕ್ಕೆ ಹೀಗೆ ಒಬ್ಬೊಬ್ಬರಿಗೂ ಕೈಮುಗಿಯುತ್ತಾ ಹೋದ. ಮರದಲ್ಲಿದ್ದ ಗೂಡಿಗೆ ಬರುವ ಹೊತ್ತಿಗೆ ನೆರೆದವರು ಕೂತುಬಿಟ್ಟಿದ್ದರು.

"ಸಾಕು, ಬಾಯ್ ತೆಗೀರಿ," ಎಂದಳು ದೋಣಿಯವಳು ಒಳಗಿಂದ.

"ಇನ್ನೊಂದೇ ಒಂದ್ ಮಾತು ಕಣೆ…"

"ಅದನ್ನ ಒಳಗೇ ಇಟ್ಕೊಳ್ಳಿ. ಬಾಯ್ ತೆಗೀರಿ ಅಂದೆ."

ಅವನು ಬಾಗಿದ. ಅವಳು ಅವನ ಬಾಯಿಗೆ ಬಾಯಿ ಹತ್ತಿರ ತಂದು ಉಸಿರಿದಳು. ಬೆಂದ ಸಬ್ಬಕ್ಕಿಯ ಕಾಳಿನಂಥದ್ದು ಒಂದು ತಣ್ಣಗೆ, ನುಣ್ಣಗೆ ನಾಲಗೆಯ ಮೇಲೆ ಬಂದು ಕೂತಿತು. ಅದರ ನಡುವೆ ಸಾಸಿವೆಯಷ್ಟು ಬೆಳಕು ಮಿಟುಕುತ್ತಿತ್ತು. ಸಾರುವವನು ಬಾಯಿ ಮುಚ್ಚಿದ. ಅಷ್ಟು ಚಿಕ್ಕದು ಅಷ್ಟು ಭಾರವಿರುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನಿಗೆ ಹೆದರಿಕೆಯಾಯಿತು.

ಹೆಸರು ಹೊತ್ತ ತಂದೆಯರು ದಿನಾ ಬೆಳಗ್ಗೆ ಮೆಟ್ಟಿಲಿಳಿದು ಕುತ್ತಿಗೆಮಟ್ಟ ನೀರಿನಲ್ಲಿ ಸಾಲಾಗಿ ಕೂರಬೇಕು. ಆ ವರ್ಷ ಬಡಗಿಯೂ ಇದ್ದ, ಬಲೆಗಾರನೂ ಇದ್ದ, ಇವನಿಗಿಂತ ತುಸು ಹಿಂದೆ ಮುಂದೆ ತಂದೆಯಾದವರು. ಮುಖಗಳ ಸಾಲು, ಉಬ್ಬಿದ ಕೆನ್ನೆಗಳ ಸಾಲು. ತುಟಿಯ ಸಂದಿನಲ್ಲಿ ನೀರು ಒಳಗೆ, ನೀರು ಹೊರಗೆ. ನೀರು ಒಳಗೆ, ನೀರು ಹೊರಗೆ. ಅವರನ್ನು ನಗಿಸುವುದು ಊರಿನವರಿಗೆ ಹಬ್ಬ. ಹೆಂಗಸರು ಮೆಟ್ಟಿಲ ಮೇಲೆ ಒಲೆ ಹೂಡಿ ಒಗ್ಗರಣೆ ಹಾಕುವರು, ಮಕ್ಕಳು ಅಣಕಿಸುವರು, ಮುದುಕರು ತಮ್ಮ ಕಾಲದ ಕತೆ ಹೇಳುವರು. ತಂದೆಯರು ಒದ್ದಾಡುತ್ತಾ, ನಾಲಗೆ ಹೊರಳಿಸುತ್ತಾ, ಕೆನ್ನೆಯಿಂದ ಕೆನ್ನೆಗೆ ಹೆಸರನ್ನು ದಾಟಿಸುತ್ತಾ, ಗುಳುಗುಳು ಸದ್ದು ಮಾಡುತ್ತಾ ಹೇಗೋ ತಡೆದುಕೊಳ್ಳುವರು. ಕೆರೆಯಜ್ಜಿ ಮೆಟ್ಟಿಲ ಮೇಲಿಂದ ಗದರುವಳು: "ಸುಮ್ನೆ ಕೂತ್ಕೊಳ್ರೋ! ಕೋತಿ ಹಂಗಾಡ್ಬೇಡಿ!"

ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡವನು ಸಾರುವವನೊಬ್ಬನೇ. ಅವನಿಗೆ ತನ್ನ ನಾಲಗೆಯ ಮೇಲೆ ನಂಬಿಕೆ ಇರಲಿಲ್ಲ. ಇದನ್ನು ಒಂಚೂರು ಸಡಿಲ ಬಿಟ್ಟರೂ ಮಾತಾಡಿಬಿಡುತ್ತದೆ, ಮಾತಾಡಿದರೆ ಹೆಸರು ಜಾರುತ್ತದೆ, ಜಾರಿದರೆ ತನ್ನ ಮಗಳೂ ಇಂಥವಳಾಗಿ ದಡದಲ್ಲಿ ಹಗ್ಗ ಕಟ್ಟುತ್ತಾ ಕೂರುತ್ತಾಳೆ. ದೋಣಿಯವಳ ಮಗಳು ದೋಣಿ ಹತ್ತದೆ ಬಾಳುವುದೆಂದರೆ ಏನು? ಅವನು ಹೆಸರನ್ನು ಎಡಗೆನ್ನೆಯ ಮೂಲೆಗೆ ಒತ್ತಿಟ್ಟು, ನಾಲಗೆಯನ್ನು ಅಡ್ಡ ಬಾಗಿಲ ಹಾಗೆ ಆನಿಸಿ, ಹಲ್ಲು ಕಚ್ಚಿ ಕೂತ.

ಅವನನ್ನು ಕೆಣಕಲು ಊರು ತನ್ನ ಬುದ್ಧಿಯನ್ನೆಲ್ಲ ಖರ್ಚು ಮಾಡಿತು. ಸಾರುವ ಕೆಲಸವನ್ನು ಸದ್ಯಕ್ಕೆ ಇಂಥವನಿಗೆ ವಹಿಸಿದ್ದರು. ಅವನು ಕಟ್ಟೆ ಹತ್ತಿ ತಮಟೆ ಬಡಿದು, "ಕೇಳ್ರಪ್ಪೋ ಕೇಳಿ! ನಾಳೆ ಬಟ್ಟೆ ಬಿಡ್ತಾರೆ, ಕೋಡಿ ಒಗೆಯೋರೆಲ್ಲ ಮೇಲ್ಗಡೆ ಹೋಗಿ!" ಎಂದು ಕೂಗಿದ. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಬಲೆಗಾರ ನಗು ತಡೆಯಲಾರದೆ ನೀರಿನೊಳಗೆ ಮುಳುಗಿ ಎದ್ದ. ಸಾರುವವನ ಒಳಗೆ, ಬಟ್ಟೆಯಲ್ಲವೋ ಪುಣ್ಯಾತ್ಮ, ಕೋಡಿ, ಕೋಡಿ ಎಂದು ಒಂದು ಜೀವ ಬಡಿದುಕೊಳ್ಳುತ್ತಿತ್ತು. ಹೊರಗೆ ಹುಬ್ಬು ಕೂಡ ಅಲುಗಲಿಲ್ಲ.

ಕೆರೆಯಜ್ಜಿ ಇಳಿದು ಬಂದು ಅವನ ಕೆನ್ನೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಕೆನ್ನೆ ಗಟ್ಟಿಯಾಗಿತ್ತು.

"ಬಂಡೆ ಕಣ್ರೋ, ಬಂಡೆ!" ಎಂದು ಸಾರಿದಳು. "ನನ್ನ ಜನ್ಮದಾಗೆ ಇಂಥ ಬಾಯಿ ಕಂಡಿಲ್ಲ. ನೋಡಿ ಕಲೀರಿ."

ಊರು ಮೂಗಿನ ಮೇಲೆ ಬೆರಳಿಟ್ಟಿತು. ದಿನಾ ಅವನನ್ನು ನೋಡಲೆಂದೇ ಜನ ಬರತೊಡಗಿದರು. ಮಾತಿನಿಂದ ಸಿಕ್ಕದ ಮರ್ಯಾದೆ ಮೌನದಿಂದ ಸಿಕ್ಕಿತಲ್ಲ ಎಂದು ಸಾರುವವನಿಗೂ ಒಳಗೊಳಗೇ ಹಿಗ್ಗು. ಹೆದರಿಕೆಗೆ ಹಿಗ್ಗು ಸೇರಿದ ಮೇಲೆ ಕೇಳಬೇಕೆ, ಅವನು ಇನ್ನಷ್ಟು ಬಿಗಿಯಾದ.

ಆ ಊರಿನಲ್ಲಿ ಹೆಸರು ಮತ್ತು ಮಗು ಒಟ್ಟಿಗೆ ಬೆಳೆಯುತ್ತವೆ. ಬಡಗಿಯ ಮಗ ರಚ್ಚೆ ಹಿಡಿದರೆ ಓಣಿಯೇ ಏಳುತ್ತಿತ್ತು. ಬಲೆಗಾರನ ಮಗಳು ಬಳೆ ಸದ್ದಾದರೆ ಕತ್ತು ಹೊರಳಿಸುತ್ತಿದ್ದಳು. ಸಾರುವವನ ಮಗಳು ಮಾತ್ರ ಅಳುತ್ತಿರಲಿಲ್ಲ, ಸದ್ದಿನ ಕಡೆ ನೋಡುತ್ತಿರಲಿಲ್ಲ. ಹಾಲು ಕೊಟ್ಟರೆ ಕುಡಿದಳು, ಇಲ್ಲದಿದ್ದರೆ ಸೂರು ನೋಡುತ್ತಾ ಮಲಗಿದಳು. ಊರು ಅದನ್ನೂ ಹೊಗಳಿತು. "ಅಪ್ಪನಂಗೆ ಬಂಡೆ. ಅಜ್ಜಿಗೆ ತೋರ್ಸಿ, ಹೆಂಗ್ ಸುಮ್ನಿದಾಳೆ!" ಎಂದಿತು. ದೋಣಿಯವಳಿಗೆ ಈ ಹೊಗಳಿಕೆ ಗಂಟಲಲ್ಲಿ ಇಳಿಯಲಿಲ್ಲ.

ಒಂದು ಬೆಳಗ್ಗೆ ಅವಳು ಮಗುವನ್ನು ಕೆರೆಯಜ್ಜಿಯ ಮಡಿಲಿಗೆ ಹಾಕಿ ದೋಣಿ ಬಿಟ್ಟಳು. ಮಂಜು ಬೇಗ ಇಳಿದಿತ್ತು, ನೀರು ತಿಳಿಯಾಗಿತ್ತು. ಜೊಂಡಿನ ಹತ್ತಿರ ಹುಟ್ಟು ಎತ್ತಿ ಹಿಡಿದು ಕೆಳಗೆ ನೋಡಿದಳು. ಅಪ್ಪಮೀನು ನಿಂತಿತ್ತು. ಮೈ ಅಲುಗುತ್ತಿರಲಿಲ್ಲ, ರೆಕ್ಕೆ ಅಲುಗುತ್ತಿರಲಿಲ್ಲ. ಊರಿನವರೆಲ್ಲ ಮೇಲಿಂದ ಕಂಡದ್ದು ಅಷ್ಟೇ. ಅವಳು ಬಾಗಿ, ಮೂಗಿಗೆ ನೀರು ತಾಕುವಷ್ಟು ಬಾಗಿ ನೋಡಿದಳು. ಮೀನಿನ ಕೆನ್ನೆ ಏರುತ್ತಿತ್ತು, ಇಳಿಯುತ್ತಿತ್ತು. ಒಂದು ಗಳಿಗೆಯೂ ಬಿಡುವಿಲ್ಲ. ಆಗಾಗ ಬಾಯಿ ತುಸು ತೆರೆದು ಮೊಟ್ಟೆಗಳನ್ನೆಲ್ಲ ಒಳಗೇ ಒಮ್ಮೆ ಕುಲುಕಿ, ಕೆಳಗಿದ್ದದ್ದನ್ನು ಮೇಲೆ ಮಾಡಿ, ಮೇಲಿದ್ದದ್ದನ್ನು ಕೆಳಗೆ ಮಾಡಿ, ಮತ್ತೆ ಮುಚ್ಚುತ್ತಿತ್ತು. ನೀರು ಬಾಯಿಂದ ಒಳಗೆ ಹೋಗಿ ಕಿವಿರಿನಿಂದ ಹೊರಗೆ ಬರುತ್ತಿತ್ತು. ಆ ಬಾಯಿ ತೊಟ್ಟಿಲು ತೂಗುತ್ತಿದೆ ಎಂದು ಅವಳಿಗೆ ಹೊಳೆಯಿತು.

ಮೀನಿನ ಬಾಯಿಂದ ಜಾರಿದ ಒಂದು ಮೊಟ್ಟೆ ಪಕ್ಕದ ಕಲ್ಲಿನ ಸಂದಿಯಲ್ಲಿ ಬಿದ್ದಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ, ಯಾರೂ ಕುಲುಕಿರಲಿಲ್ಲ. ಎಲ್ಲ ಮೊಟ್ಟೆಗಳಿಗಿಂತ ನೆಮ್ಮದಿಯಾಗಿ ಕೂತಿತ್ತು. ಅದರ ಬೆಳಕು ಆರಿ, ಮೈ ಸುಣ್ಣದ ಬಿಳುಪಾಗಿ, ಸುತ್ತ ಹತ್ತಿಯ ಎಳೆಯಂಥ ಬೂಷ್ಟು ಬೆಳೆದಿತ್ತು.

ದೋಣಿಯವಳು ಹುಟ್ಟು ಹಾಕಿದ ರಭಸಕ್ಕೆ ದೋಣಿ ನೀರನ್ನು ಸೀಳಿಕೊಂಡು ಮೆಟ್ಟಿಲಿಗೆ ಬಂದು ಗುದ್ದಿತು. ಅವಳು ಸಾಲನ್ನು ನೋಡಿದಳು. ಬಡಗಿಯ ಕೆನ್ನೆ ಆಡುತ್ತಿತ್ತು, ಬಲೆಗಾರನ ಕೆನ್ನೆ ಆಡುತ್ತಿತ್ತು. ತನ್ನ ಗಂಡನ ಕೆನ್ನೆ ನಿಂತಿತ್ತು.

ನೀರಿಗೆ ಧುಮುಕಿ ಅವನೆದುರು ನಿಂತಳು. "ಬಾಯ್ ತೆಗೀರಿ."

ಮೆಟ್ಟಿಲ ಮೇಲಿದ್ದವರೆಲ್ಲ ಹಾ ಎಂದರು. ಕೆರೆಯಜ್ಜಿ ಮಗುವನ್ನು ಎತ್ತಿಕೊಂಡು ಓಡಿ ಬಂದಳು. "ಏ ಹುಡುಗಿ, ಬುದ್ಧಿ ನೆಟ್ಟಗೈತಾ? ಬಲಿಯೋಕ್ ಮುಂಚೆ ಬಾಯ್ ತೆಗೆಸ್ತಾರಾ?"

"ಅಜ್ಜಿ, ಒಂದ್ ಸಲ ನೋಡ್ಬಿಡ್ತೀನಿ. ಆಮೇಲೆ ಬೈಯಿ."

ಸಾರುವವನು ತಲೆಯಾಡಿಸಿದ. ಅವಳು ಅವನ ಗದ್ದ ಹಿಡಿದಳು. ಇಷ್ಟು ದಿನದಲ್ಲಿ ಮೊದಲ ಬಾರಿ ಅವನ ತುಟಿ ಬಿಡಿಸಿಕೊಂಡಿತು. ಎಡಗೆನ್ನೆಯ ಮೂಲೆಯಲ್ಲಿ ಹೆಸರು ಕೂತಿತ್ತು. ಮೈ ಮಂಕಾಗಿತ್ತು. ಒಂದು ಪಕ್ಕಕ್ಕೆ ಬಿಳಿಯ ಎಳೆ ಹತ್ತಿತ್ತು. ನಡುವಿನ ಬೆಳಕು ಇತ್ತೋ ಇಲ್ಲವೋ ಎನ್ನುವಷ್ಟು ಇತ್ತು.

ಅವಳು ಕಂಡದ್ದನ್ನು ಅವಳ ಕಣ್ಣಿನಲ್ಲೇ ಅವನು ಓದಿಕೊಂಡ. ಎಷ್ಟು ದಿನದಿಂದ ಆ ಹೆಸರಿನ ರುಚಿ ನಾಲಗೆಗೆ ಹತ್ತಿರಲಿಲ್ಲ! ಕಾಯುತ್ತಿದ್ದೇನೆ ಎಂದುಕೊಂಡು ಅದನ್ನು ಮೂಲೆಗೆ ತಳ್ಳಿ ಬಾಗಿಲು ಹಾಕಿಬಿಟ್ಟಿದ್ದ. ಅವನ ಕಣ್ಣಿಂದ ನೀರು ಇಳಿದು ಕೆರೆಯ ನೀರಿಗೆ ಸೇರಿತು.

"ಅಳ್ಬೇಡಿ. ಕೇಳಿ ಇಲ್ಲಿ," ಎಂದಳು ಅವಳು. "ಹುಟ್ಟಿದಾಗಿಂದ ಒಂದ್ ಗಳಿಗೆ ಸುಮ್ನಿರದ ನಾಲಗೆ ನಿಮ್ದು. ನಾನು ಅದನ್ನ ನೋಡಿ ತಾನೆ ನಿಮ್ಮನ್ನ ಕಟ್ಕೊಂಡಿದ್ದು? ಈಗ ನೋಡಿ ಅದಕ್ಕೆ ಬೀಗ ಹಾಕ್ಕೊಂಡು ಕೂತಿದೀರಲ್ಲ! ಮಾತಾಡಿ. ದನಿ ಬೇಡ. ಒಳಗೊಳಗೇ ಮಾತಾಡಿ. ಹೆಸರು ಹೊರಳಬೇಕು, ನೀರು ಕುಡೀಬೇಕು. ಮೀನು ಹಂಗೇ ಮಾಡ್ತದೆ, ಈಗ ಕಣ್ಣಾರೆ ನೋಡ್ಬಂದೆ."

ಕೆರೆಯಜ್ಜಿ ಸಾಲಿನತ್ತ ನೋಡಿದಳು, ಆಡುತ್ತಿದ್ದ ಕೆನ್ನೆಗಳನ್ನು ಒಂದೊಂದಾಗಿ ನೋಡಿದಳು. ಅವಳ ಕಾಲದಿಂದ, ಅವಳ ಅಜ್ಜಿಯ ಕಾಲದಿಂದ ತಂದೆಯರನ್ನು ಸುಮ್ಮನಿರಿ ಎಂದು ಗದರುತ್ತಾ ಬಂದಿದ್ದರು. ಒಬ್ಬನೂ ಸುಮ್ಮನಿದ್ದಿರಲಿಲ್ಲ, ಅದಕ್ಕೇ ಹೆಸರುಗಳೆಲ್ಲ ಬದುಕಿದ್ದವು. ಮಾತು ಕೇಳಿದವನು ಇವನೊಬ್ಬನೇ. ಅಜ್ಜಿ ತನ್ನ ತಲೆಗೆ ತಾನೇ ಮೊಟಕಿಕೊಂಡಳು. "ಅಯ್ಯೋ ನನ್ನಪ್ಪಾ! ಮಾತಾಡೋ! ನಾನೇ ಹೇಳ್ತಿದೀನಿ, ಮಾತಾಡು!"

ಆದರೆ ನಾಲಗೆ ಏಳಲಿಲ್ಲ. ಏಳಿಸಿದರೆ ಹೆಸರು ಗಂಟಲಿಗೆ ಜಾರಿದರೆ? ಸಾರುವವನ ಕಣ್ಣು ಗುಂಪಿನಲ್ಲಿ ಇಂಥವನನ್ನು ಹುಡುಕಿತು. ಅವನು ಕಟ್ಟೆಯಿಂದಿಳಿದು, ಕೊರಳಿನ ತಮಟೆ ಸಮೇತ ಮೆಟ್ಟಿಲಿನ ಅಂಚಿಗೆ ಬಂದ. ನೀರಿಗೆ ಬೆನ್ನು ಹಾಕಲಿಲ್ಲ, ಮುಖ ಮಾಡಿ ಕುಕ್ಕರುಗಾಲಲ್ಲಿ ಕೂತ.

"ನನ್ನ ನೋಡಿ ಹೆದರ್ತಿದೀಯ ಅಂತ ಗೊತ್ತು ಕಣಣ್ಣ," ಎಂದ. "ನಮ್ಮಪ್ಪ ನುಂಗಿದ್ದಕ್ಕೆ ನಂಗೇನ್ ಅಷ್ಟು ಬೇಜಾರಿಲ್ಲ. ನುಂಗಿದ ಮೇಲೆ ನಾಚ್ಕೊಂಡು ನನ್ನ ಕಡೆ ನೋಡೋದೇ ಬಿಟ್ಟ ನೋಡು, ಅದು ಬೇಜಾರು. ಹೆಸರು ಹೋದ್ರೂ ಏ ಮಗಾ ಅನ್ಬೋದಿತ್ತು. ನೀನು ನುಂಗಿದ್ರೂ ನಿನ್ ಮಗಳು ಬದುಕ್ತಾಳೆ. ನಾನಿಲ್ವಾ? ಹೆದರ್ಕೊಂಡು ದೂರ ಕೂರ್ಬೇಡ, ಅಷ್ಟೆ." ಆಮೇಲೆ ಸೇರಿಸಿದ: "ಹಂಗಂತ ನುಂಗ್ಬಿಡಬ್ಯಾಡ ಮತ್ತೆ!"

ಜನ ನಕ್ಕರು. ಆ ನಗುವಿನ ನಡುವೆ ಸಾರುವವನ ನಾಲಗೆ ಅಲುಗಿತು.

ಮೊದಲು ತುದಿ, ಆಮೇಲೆ ಬುಡ. ಅವನು ಹೆಸರನ್ನು ಮೂಲೆಯಿಂದ ಮೆಲ್ಲಗೆ ಎಬ್ಬಿಸಿ ನಾಲಗೆಯ ಮೇಲೆ ತಂದ. ನೀರು ಒಳಗೆ, ನೀರು ಹೊರಗೆ. ದನಿಯಿಲ್ಲದೆ ಮಾತು ಶುರುವಾಯಿತು. ತನ್ನ ಬಾಳಿನಲ್ಲಿ ಸಾರಿದ್ದನ್ನೆಲ್ಲ ಅವನು ಹೆಸರಿನ ಸುತ್ತ ಮತ್ತೆ ಸಾರಿದ. ಕೋಡಿ ಬಿಟ್ಟದ್ದನ್ನು ಸಾರಿದ, ಎಮ್ಮೆ ಸಿಕ್ಕಿದ್ದನ್ನು ಸಾರಿದ, ಮದುವೆಗಳನ್ನೂ ಸಾವುಗಳನ್ನೂ ಸಾರಿದ, ತಪ್ಪಿದ ಕೊಡೆ ಚಪ್ಪಲಿಗಳನ್ನೂ ಬಿಡಲಿಲ್ಲ. ಅವತ್ತು ಹೆಂಡತಿ ತಡೆದಿದ್ದ ಇನ್ನೊಂದೇ ಒಂದು ಮಾತನ್ನೂ ಆಡಿ ಮುಗಿಸಿದ. ಕೆನ್ನೆಗಳು ಕುಣಿದವು, ಗದ್ದ ಕುಣಿಯಿತು, ಸುತ್ತ ನೀರು ಉಂಗುರ ಉಂಗುರವಾಗಿ ಬಿಚ್ಚಿಕೊಂಡಿತು. ಅಂಥ ನಾಲಗೆ ಊರಿನಲ್ಲಿ ಇನ್ನೊಂದು ಇರಲಿಲ್ಲ. ಬೇರೆ ಯಾವ ಹೆಸರಿಗೂ ಅಂಥ ತೊಟ್ಟಿಲು ಸಿಕ್ಕಿರಲಿಲ್ಲ.

ಒಮ್ಮೆ ಮಾತಿನ ಭರದಲ್ಲಿ ಬಿಕ್ಕಳಿಕೆ ಬಂತು. ಹೆಸರು ಹಿಂದಕ್ಕೆ ಜಾರಿ ಕಿರುನಾಲಗೆಗೆ ತಗುಲಿತು. ಅವನು ಗಾಬರಿಯಾಗಿ ಬಾಯಿ ಬಿಗಿಯಲಿಲ್ಲ. ತಲೆಯನ್ನು ಮುಂದಕ್ಕೆ ಬಗ್ಗಿಸಿ, ಮುಖ ನೀರಿನಲ್ಲಿಟ್ಟು, ಕಳೆದುಹೋದ ಎಮ್ಮೆಯನ್ನು ಕರೆಯುವಂತೆ ಅದನ್ನು ಕರೆದ. ಹೆಸರು ಉರುಳಿಕೊಂಡು ನಾಲಗೆಯ ತುದಿಗೆ ಬಂತು.

ಹೊತ್ತು ಇಳಿಯುವಾಗ ಬಾಯೊಳಗೆ ಏನೋ ಮಿಡುಕಿದಂತಾಯಿತು. ಎಳೆಯಂಥದ್ದು ಕಳಚಿ ನೀರಿನ ಜೊತೆ ಹೊರಗೆ ಹೋಯಿತು. ಇನ್ನೊಮ್ಮೆ ಮಿಡುಕಿತು. ಹೆಸರು ಅವನ ನಾಲಗೆಗೆ ಬಾಲದಿಂದ ಹೊಡೆದಿತ್ತು. ಅದೇ ಗಳಿಗೆಗೆ ಮೆಟ್ಟಿಲ ಮೇಲೆ ಕೆರೆಯಜ್ಜಿಯ ಮಡಿಲಿನಲ್ಲಿದ್ದ ಮಗು ಮುಖ ಕಿವುಚಿ, ಸೀನಿ, ಬಾಯಿ ತೆರೆದು ಕಿರುಚಿತು. ಆಚೆ ದಡದ ನಾಯಿಗಳು ಎದ್ದು ಕೂತವು.

"ಸಂಶಯಾನೇ ಇಲ್ಲ, ಇವನದೇ ಮಗಳು!" ಎಂದರು ಯಾರೋ. ಊರು ಚಪ್ಪಾಳೆ ತಟ್ಟಿತು. ದೋಣಿಯವಳು ನೀರಿನಲ್ಲಿ ನಿಂತೇ ಬಿಕ್ಕಿ ಬಿಕ್ಕಿ ಅತ್ತಳು, ಅಳುತ್ತಲೇ ನಕ್ಕಳು.

ಅಲ್ಲಿಂದಾಚೆ ಅವನ ಕೆನ್ನೆ ನಿಲ್ಲಲಿಲ್ಲ. ಉಂಡಿಲ್ಲ, ಅಗಿದಿಲ್ಲ, ಮೈ ಬಡವಾಯಿತು, ಪಕ್ಕೆಲುಬು ಕಾಣಿಸಿಕೊಂಡವು, ಅಂಗಿ ತೋಳಿಂದ ಜಾರತೊಡಗಿತು. ಹೆಸರು ಮಾತ್ರ ಕೊಬ್ಬಿತು. ಅದಕ್ಕೆ ಕಣ್ಣು ಬಂದವು, ರೆಕ್ಕೆ ಬಂದವು. ಹೊಟ್ಟೆಯಡಿಯ ಹಳದಿ ಬುತ್ತಿಯ ಗಂಟು ದಿನದಿನಕ್ಕೆ ಕರಗಿತು. ಬುತ್ತಿ ತೀರಿದ ದಿನ ಹೆಸರು ಒಳಗಿಂದ ತುಟಿ ತಟ್ಟಿತು.

ಅವತ್ತು ಬೆಳಗ್ಗೆ ಗಂಡ ಹೆಂಡತಿ ಮಗುವನ್ನೆತ್ತಿಕೊಂಡು ಮೆಟ್ಟಿಲಿಳಿದರು. ಬೇರೆ ಯಾರೂ ಇರುವಂತಿಲ್ಲ. ಸಾರುವವನು ನೀರಿಗೆ ಬಾಯಿ ತಾಕಿಸಿ ತುಟಿ ತೆರೆದ. ಬೆಳ್ಳಗೆ, ಚುರುಕಾಗಿ ಹೆಸರು ಹೊರಗೆ ಈಜಿತು, ಮಗುವಿನ ಸುತ್ತ ಒಂದು ಸುತ್ತು ಹಾಕಿ ಅದರ ಕಿವಿಯ ಬಳಿ ನಿಂತಿತು. ತಾಯಿ ಮೆಲ್ಲಗೆ ಕರೆದಳು. ಮಗು ತಿರುಗಿ ನೋಡಿತು. ಯಾರೋ ತನ್ನನ್ನು ಬಹಳ ದಿನದಿಂದ ಬಲ್ಲರು ಎನ್ನುವಂತೆ ನೋಡಿ ನಕ್ಕಿತು. ಸಾರುವವನು ನಾಲಗೆಯನ್ನು ಕೆನ್ನೆಯಿಂದ ಕೆನ್ನೆಗೆ ಹೊರಳಿಸಿ ನೋಡಿದ. ಅವನ ಬಾಯಿ ಖಾಲಿಯಾಗಿತ್ತು, ಆ ಖಾಲಿ ಅವನಿಗೆ ಹೊಸದು.

"ಕಟ್ಟೆಗೆ ನಡೀರಿ. ಜನ ಕಾಯ್ತಿದಾರೆ," ಎಂದಳು ದೋಣಿಯವಳು.

ಕಟ್ಟೆಯ ಸುತ್ತ ಊರಿಗೆ ಊರೇ ನೆರೆದಿತ್ತು. ದೋಣಿಗಳು ಮೂತಿಯನ್ನು ದಡಕ್ಕೆ ಚಾಚಿ ಸಾಲಾಗಿ ನಿಂತಿದ್ದವು. ಇಂಥವನು ತಮಟೆ ಬಿಚ್ಚಿ ಅವನ ಕೊರಳಿಗೆ ಹಾಕಿದ. ದೋಣಿಯವಳು ಮಗುವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಸಾರುವವನು ತಮಟೆಗೆ ಪೆಟ್ಟು ಕೊಟ್ಟ. ಎದೆ ಉಬ್ಬಿತು, ಕೊರಳ ನರ ಎದ್ದವು. ಬಾಳಿನುದ್ದಕ್ಕೂ ಕಾದಿದ್ದ ಕೂಗು ಹೊಕ್ಕುಳಿನಿಂದ ಹೊರಟಿತು.

"ಕೇಳ್ರಪ್ಪೋ ಕೇಳಿ! ನನ್ನ ಮಗಳ ಹೆಸರು…"

ಒಂದು ಹದ್ದು ಕಟ್ಟೆಯ ಮೇಲೆ ಹಾದುಹೋಯಿತು. ಅದಕ್ಕೆ ಯಾರ ಮೇಲೂ ಕಣ್ಣಿರಲಿಲ್ಲ, ಅದರ ನೆರಳು ಮಾತ್ರ ಮಗುವಿನ ಮುಖವನ್ನು ಸವರಿಕೊಂಡು ಹೋಯಿತು. ಮಗು ಬೆಚ್ಚಿತು. ಕಿವಿಯ ಬಳಿಯಿದ್ದ ಹೆಸರು ಬೆಳ್ಳಿಯ ಗೆರೆಯೊಂದು ಎಳೆದ ಹಾಗೆ ಗಾಳಿಯನ್ನು ದಾಟಿ, ತೆರೆದಿದ್ದ ಅಪ್ಪನ ಬಾಯೊಳಗೆ ನುಗ್ಗಿ, ನಾಲಗೆಯಡಿ ಅಡಗಿತು.

ಸಾರುವವನು ಬಾಯಿ ಮುಚ್ಚಿದ.

"ಹೇಳಪ್ಪಾ! ಹೆಸರೇನು?" ಎಂದು ಹಿಂದೆ ನಿಂತವರು ಕೂಗಿದರು. ಮುಂದೆ ನಿಂತವರಿಗೆ ಅವನ ಉಬ್ಬಿದ ಕೆನ್ನೆ ಕಂಡಿತು, ಅವರು ಆಗಲೇ ನಗಲು ಶುರು ಮಾಡಿದ್ದರು. ಮುದುಕನೊಬ್ಬ ಮುಂದೆ ಬಂದು ಅವನ ಬೆನ್ನು ಚಪ್ಪರಿಸಿದ. "ಇನ್ಮೇಲೆ ಇದೇ ಬಾಳು ಕಣೋ. ನನ್ ಮಗನ ಹೆಸರು ಅವನ ಮದುವೆ ದಿನಾನೂ ನನ್ ಬಾಯಿಗೆ ವಾಪಸ್ ಬಂದಿತ್ತು!"

ಗಂಟಲಿನಲ್ಲಿ ಕೂಗು ಇನ್ನೂ ಒದೆಯುತ್ತಿತ್ತು. ಗುಡ್ಡ ಬೆನ್ನ ಹಿಂದೆಯೇ ಇತ್ತು. ಒಂದು ಉಸಿರು ಬಿಟ್ಟರೆ ಸಾಕು, ಹೆಸರು ಹಾರಿ ಹೋಗಿ ಕೆರೆಯ ಮೇಲೆ ಬೀಳುತ್ತಿತ್ತು. ನಾಲಗೆಯಡಿ ಅದು ನಡುಗುತ್ತಿರುವುದು ಸಾರುವವನಿಗೆ ಗೊತ್ತಾಯಿತು. ಅವನು ತಮಟೆಯನ್ನು ಕೊರಳಿಂದ ತೆಗೆದು ಇಂಥವನ ಕೈಗೆ ಕೊಟ್ಟ. ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡ. ಕೆನ್ನೆಗಳು ಮೆಲ್ಲಗೆ ಏರಿದವು, ಇಳಿದವು. ಅವನ ಮುಖದಲ್ಲಿ ಅಂಥ ಸುಖ ಮಾತಾಡುವಾಗ ಒಂದು ದಿನವೂ ಕಂಡಿರಲಿಲ್ಲ.

ಜನ ಇಂಥವನತ್ತ ನೋಡಿದರು. ಅವನು ಮಗುವನ್ನು ನೋಡಿದ, ಅಪ್ಪನ ಕೆನ್ನೆಯನ್ನು ನೋಡಿದ, ಕಣ್ಣೊರೆಸಿಕೊಂಡ. ಆಮೇಲೆ ಕೆರೆಯ ಕಡೆ ಮುಖ ಮಾಡಿ ನಿಂತು, ತಮಟೆಗೆ ಪೆಟ್ಟು ಹಾಕಿ, ಗುಡ್ಡಕ್ಕೆ ಬಡಿಯುವಂತೆ ಕೂಗಿದ. ಈ ಸಲ ಅವನ ಸಾರಿಕೆಯಲ್ಲಿ ಒಂದು ಮಾತೂ ತಪ್ಪಲಿಲ್ಲ.

"ಕೇಳ್ರಪ್ಪೋ ಕೇಳಿ! ಹೆಸರು ಮನೇಗೆ ಬಂದೈತೆ! ಎಲ್ರೂ ನಾಳೆ ಬನ್ನಿ!"